ಕರಗಿಸಿದ ಎಣ್ಣೆ

ಮಾಗಿಯ ಚಳಿಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟಿತ್ತು. ಅತ್ತೆ ಅದನ್ನು ಒಲೆಯ ಬಳಿ ಇಟ್ಟು ಕರಗಿಸಿ, ಸೊಸೆಯನ್ನು ಹಿತ್ತಿಲಲ್ಲಿ ಕೂರಿಸಿಕೊಂಡು ಅವಳ ಒಣಗಿದ ಕೂದಲಿಗೆ ಹಚ್ಚತೊಡಗಿದರು. ಈ ಅಕ್ಕರೆ ಸೊಸೆಗೆ ಹೊಸದು.

"ಬೇಗ ಮುಗಿಸಿ ಅತ್ತೆ, ಆಸ್ಪತ್ರೆಗೆ ಗಂಜಿ ಒಯ್ಯಬೇಕು."

"ಗಂಜಿ ಬೇಡ ಕಣೇ. ಅವನನ್ನೇ ಮನೆಗೆ ಕರ್ಕೊಂಡು ಬರ್ತಿದಾರಂತೆ. ಫೋನ್ ಬಂದಿತ್ತು."

"ಮೊದಲೇ ಹೇಳಬಾರದಾ! ಈ ಕೆದರಿದ ತಲೆ ನೋಡಿದ್ರೆ ನಿಮ್ಮ ಮಗ ತಿರುಗಿ ಆಸ್ಪತ್ರೆಗೇ ಓಡ್ತಿದ್ರು."

ಅತ್ತೆ ನಗಲಿಲ್ಲ. ಸಿಕ್ಕು ಬಿಡಿಸಿ, ಜಡೆ ಹೆಣೆದು, ಪೂಜೆಗೆಂದು ತೆಗೆದಿಟ್ಟಿದ್ದ ಸೇವಂತಿಗೆಯನ್ನೆಲ್ಲ ಅವಳಿಗೇ ಮುಡಿಸಿದರು.

"ಇಷ್ಟೊಂದಾ? ಮತ್ತೆ ದೇವರಿಗೆ?"

"ನಾಳೆಯಿಂದ ಎಲ್ಲ ಅವನಿಗೇ."

ಗಂಡನನ್ನು ಎದುರುಗೊಳ್ಳಲು ಅವಳು ಮುಂಬಾಗಿಲಿಗೆ ಓಡಿದಳು. ಅಂಗಳದಲ್ಲಿ ಮೈದುನ ತಲೆ ತಗ್ಗಿಸಿ ಚಟ್ಟ ಕಟ್ಟುತ್ತಿದ್ದ.