ನಲವತ್ತೊಂದನೆಯ ಹೆಸರು

"ಯಾರನ್ನ ಕೇಳಿ ಅಳಿಸಿದೆಯೋ? ನಿನ್ನ ಕೈಗಿಷ್ಟು ಬೆಂಕಿ ಹಾಕ!" ತೋತ್ಕಾ ಅಳಿಯನ ಮೇಲೆ ಹರಿಹಾಯ್ದಳು.

"ಕಸ ಅತ್ತೆ, ಬರೀ ಕಸ." ಪ್ಲಾಮೆನ್ ಕಂಪ್ಯೂಟರಿನಿಂದ ಕಣ್ಣು ಕೀಳಲಿಲ್ಲ. "ಯಾವತ್ತೋ ತೆಗೆದುಹಾಕಿದ ಸಾಫ್ಟ್‌ವೇರ್‌ಗಳು ರಿಜಿಸ್ಟ್ರಿ ಅನ್ನೋ ಮಷೀನಿನ ಪಟ್ಟಿಯಲ್ಲಿ ತಮ್ಮ ಸರ್ವಿಸ್‌ಗಳ ಹೆಸರು ಬಿಟ್ಟು ಹೋಗಿದ್ವು. ದಿನಾ ಬೆಳಿಗ್ಗೆ ಈ ಮಷೀನು ಆ ಸತ್ತೋರನ್ನೆಲ್ಲ ಕೂಗಿ ಎಬ್ಬಿಸೋಕೆ ಹೋಗಿ ಕಾಲು ಗಂಟೆ ತಿನ್ನೋದು. ನಲವತ್ತೊಂದು ಹೆಸರು ಗುಡಿಸಿ ಹಾಕ್ದೆ. ಈಗ ಒಂದೇ ನಿಮಿಷಕ್ಕೆ ಶುರುವಾಗತ್ತೆ."

"ಶುರುವಾಗಿ ಏನು ಕಿಸೀತು? ನಾಲ್ಕು ಹಂಡೆಗೂ ಸೊನ್ನೆ ತೋರಿಸ್ತಿದೆ!"

ಗುಲಾಬಿ ಎಣ್ಣೆ ಇಳಿಸುವ ನಾಲ್ಕು ತಾಮ್ರದ ಹಂಡೆಗಳೂ ತಣ್ಣಗೆ ನಿಂತಿದ್ದವು. ಯಾವುದಕ್ಕೆ ಎಷ್ಟು ಉಗಿ, ಎಷ್ಟು ಹೊತ್ತು ಎಂಬ ಅಂಕಿಗಳನ್ನು ಹಳೆಯ ಕೆಲಸಗಾರ ದೆಚ್ಕೋ ತನ್ನ ಹೆಸರಿಟ್ಟ ಒಂದು ಸರ್ವಿಸ್‌ನ ಕೆಳಗೆ ಬರೆದಿಟ್ಟಿದ್ದ. ಆ ಸರ್ವಿಸ್ ಹೋಗಿ ಆರು ವರ್ಷವಾಗಿತ್ತು. ಅಂಕಿಗಳು ಮಾತ್ರ ಅಲ್ಲೇ ಉಳಿದಿದ್ದವು. ಹಂಡೆಗಳು ನಿನ್ನೆಯವರೆಗೂ ಅವನ್ನೇ ನೋಡಿಕೊಂಡು ನಡೆಯುತ್ತಿದ್ದವು. ಪ್ಲಾಮೆನ್ ಗುಡಿಸಿದ ನಲವತ್ತೊಂದನೆಯ ಹೆಸರು ಅದೇ.

ಹೊರಗೆ ನಸುಕಿನಲ್ಲಿ ಕಿತ್ತ ಹೂವಿನ ಚೀಲಗಳೊಂದಿಗೆ ಅರ್ಧ ಊರೇ ಸಾಲುಗಟ್ಟಿತ್ತು. ಬಾಲ್ಕನ್ ಬೆಟ್ಟದ ಮೇಲೆ ಬಿಸಿಲೇರುತ್ತಿತ್ತು. ಇನ್ನೆರಡು ಗಂಟೆ ಹೋದರೆ ಹೂವು ಚೀಲದೊಳಗೇ ಬೇಯುತ್ತದೆ, ಎಣ್ಣೆ ಗಾಳಿಪಾಲು.

"ನಕಲಾದ್ರೂ ಇಟ್ಕೊಂಡಿದೀಯಾ?"

"ಕಸಕ್ಕೆ ಯಾರು ನಕಲು ಇಡ್ತಾರೆ, ಅತ್ತೆ?"

ತೋತ್ಕಾ ಹೊರಗೋಡಿದಳು. ಅಳಿಯನ ಮಾತು ಕಟ್ಟಿಕೊಂಡು ಚಳಿಗಾಲದಲ್ಲಿ ಅವಳೇ ಕೆಲಸ ಬಿಡಿಸಿ ಮನೆಗೆ ಕಳಿಸಿದ್ದ ದೆಚ್ಕೋ ಅದೇ ಸಾಲಿನಲ್ಲಿ ಎಲ್ಲರಂತೆ ಚೀಲ ಹಿಡಿದು ನಿಂತಿದ್ದ. ತೋಳು ಹಿಡಿದು ಎಳೆದುಕೊಂಡೇ ಬಂದಳು.

"ದೆಚ್ಕಣ್ಣ, ಆ ಅಂಕಿ ಹೇಳಿಬಿಡಪ್ಪ. ನಿನ್ನ ದಮ್ಮಯ್ಯ."

ದೆಚ್ಕೋ ಪರದೆಯ ಮೇಲಿನ ಸೊನ್ನೆಗಳನ್ನು ಒಂದೊಂದಾಗಿ ನೋಡಿದ. "ನೆನಪಿರೋ ಹಾಗಿದ್ರೆ ಅಲ್ಲಿ ಯಾಕೆ ಬರೆದಿಡ್ತಿದ್ದೆ ತಾಯಿ? ಇಪ್ಪತ್ತು ಸುಗ್ಗಿ ತಿದ್ದಿ ತಿದ್ದಿ ಇಟ್ಟಿದ್ದು ಅದು."

"ಚೀಟಿ ಗೀಟಿ ಏನಾದ್ರೂ?"

"ಇತ್ತು. ಈ ಮೇಜಿನ ಖಾನೇಲೇ ಇತ್ತು. ನನ್ನನ್ನ ಕಳಿಸಿದ ದಿನ ನಿನ್ನ ಅಳಿಯ ಖಾನೆ ಖಾಲಿ ಮಾಡಿ ಒಲೆಗೆ ಹಾಕ್ದ. ಅವತ್ತೂ ಕಸ ಅಂತ್ಲೇ ಅಂದ."

"ಬೇಕಂತ್ಲೇ ಆಟ ಆಡ್ತಿದಾನೆ ಮುದುಕ!" ಪ್ಲಾಮೆನ್ ಎದ್ದು ನಿಂತ.

"ನೀನು ಬಾಯಿ ಮುಚ್ಚು!" ತೋತ್ಕಾ ಗದರಿದಳು. "ಅಣ್ಣ, ಇವತ್ತೊಂದು ದಿನ ಅಂದಾಜಲ್ಲೇ ನಡೆಸಿಕೊಡು."

"ಅಂದಾಜಲ್ಲಿ ನಡೆಸಿ ಊರೋರ ಹೂವು ಸುಡಲ್ಲ ನಾನು."

ದೆಚ್ಕೋ ಹೊರಗೆ ಬಂದು ಸಾಲಿನಲ್ಲಿ ಬಿಟ್ಟಿದ್ದ ಚೀಲವನ್ನು ಹೆಗಲಿಗೇರಿಸಿ ಹೊಳೆಯಾಚೆಯ ಇನ್ನೊಂದು ಎಣ್ಣೆ ಕಾರ್ಖಾನೆಯ ದಾರಿ ಹಿಡಿದ. ತೋತ್ಕಾ ಎರಡು ಸಲ ಕೂಗಿದಳು. ಅವನು ತಿರುಗಲಿಲ್ಲ.

ಸಾಲಿನ ಮುಂದಿದ್ದ ಹೆಂಗಸು ತಲೆಯೆತ್ತಿ ಚಿಮಣಿ ನೋಡಿದಳು. ಹೊಗೆಯಿರಲಿಲ್ಲ. ಬಗ್ಗಿ ತನ್ನ ಚೀಲದ ಬಾಯಿ ಕಟ್ಟತೊಡಗಿದಳು.