ದುಂಡಪ್ಪನ ಆಕಾಶಯಾನ

ದುಂಡಪ್ಪನ ಬಲಗಾಲು ವಿಮಾನದ ರೆಕ್ಕೆಯ ಮೇಲಿತ್ತು. ಎಡಗಾಲು ಮಾತ್ರ ನೆಲ ಬಿಡಲೊಲ್ಲದು. ಹೊಲದ ಸುತ್ತ ಮೂಡಲಗಿಗೆ ಮೂಡಲಗಿಯೇ ನೆರೆದಿತ್ತು. ಹುಕ್ಕೇರಿಯಿಂದಲೂ ಚಕ್ಕಡಿ ಕಟ್ಟಿಕೊಂಡು ಬಂದಿದ್ದರು. ಇಷ್ಟು ಮಂದಿಯ ಎದುರು ಇಳಿದು ಓಡುವಂತೆಯೂ ಇಲ್ಲ.

"ಹತ್ತಪಾ, ಹತ್ತು. ಬಣವಿ ಹತ್ತಿದಂಗ ಹತ್ತು," ಎಂದ ಬಾಜೂ ಹೊಲದ ವೀರಪ್ಪ.

ಬಣವಿಯಂತೆ ಬಣವಿ! ಬಣವಿ ಹತ್ತಿದರೂ ದುಂಡಪ್ಪನ ತಲೆ ಗಿರ್ರೆನ್ನುತ್ತಿತ್ತು. ಹೋದ ವರ್ಷ ಮೆಣಸಿನಕಾಯಿ ಒಣಹಾಕಲು ಮಾಳಿಗೆ ಹತ್ತಿದವನನ್ನು ಇಬ್ಬರು ಹಿಡಿದು ಇಳಿಸಿದ್ದರು. ಅಂಥ ಶೂರ ಈಗ ಮೋಡಕ್ಕೆ ಹೊರಟಿದ್ದ. ತನ್ನ ಪಾಡಿಗೆ ತನಗೇ ನಗು ಬರಬೇಕಿತ್ತು. ಬಾಯಿ ಒಣಗಿದ್ದರಿಂದ ಬರಲಿಲ್ಲ.

ಬಗಲಲ್ಲಿ ತಾಮ್ರದ ತಂಬಿಗೆ. ತಂಬಿಗೆಯೊಳಗೆ ಅಣ್ಣ ರಾಚಪ್ಪ.

ರಾಚಪ್ಪ ಮುಂಬೈಯಲ್ಲಿ ವಿಮಾನ ತೊಳೆಯುವ ಕೆಲಸಕ್ಕಿದ್ದ. ವರ್ಷಗಟ್ಟಲೆ ತೊಳೆದ, ಒಮ್ಮೆಯೂ ಒಳಗೆ ಕೂರಲಿಲ್ಲ. ಊರಿಗೆ ಬಂದಾಗ, "ಸತ್ತ ಮ್ಯಾಲಾದ್ರೂ ನನ್ನ ಇಮಾನದಾಗ ಕುಂದರ್ಸಿ ಮ್ಯಾಲಿಂದ ತೂರ್ರಿ," ಎಂದು ನಗುತ್ತಿದ್ದ. ಮೂವತ್ತೇಳನೆಯ ಇಸವಿಯ ಚಳಿಗಾಲದಲ್ಲಿ ಜ್ವರ ಬಂದು ಹೋಗಿಯೇ ಬಿಟ್ಟ. ಅಲ್ಲಿಯ ಗೆಳೆಯರಿಗೆ ಇವರ ಪದ್ಧತಿ ಏನು ಗೊತ್ತು? ಸುಟ್ಟು, ಬೂದಿ ಕಳಿಸಿದರು.

ಮನೆಯಲ್ಲಿ ಗದ್ದಲ ಎದ್ದಿತು. ಇವರು ಲಿಂಗವಂತರು, ಸತ್ತವರನ್ನು ಹೊಲದಲ್ಲಿ ಕೂರಿಸಿ ಮಣ್ಣು ಕೊಡುವವರು. ಬೂದಿಯನ್ನು ಏನು ಮಾಡಬೇಕೆಂದು ಊರಿನ ಅಯ್ಯನವರಿಗೂ ತಿಳಿಯಲಿಲ್ಲ. "ನನ್ನ ಮಗನ್ನ ಗಾಳಿಗೆ ತೂರಬ್ಯಾಡ್ರೋ, ನಮ್ಮ ಹೊಲದ ಮಣ್ಣು ಕೊಡ್ರಿ," ಎಂದು ತಾಯಿ ತಾಯವ್ವ ಎದೆ ಬಡಿದುಕೊಂಡಳು. ದುಂಡಪ್ಪ ಜಗ್ಗಲಿಲ್ಲ. ಹೆಗಲ ಮೇಲೆ ಹೊತ್ತು ತಿರುಗಿದ ಅಣ್ಣ; ಅವನು ಕೇಳಿದ್ದು ಇದೊಂದೇ. ಇದನ್ನೂ ಮಾಡದಿದ್ದರೆ ತಾನೆಂಥ ತಮ್ಮ? ಮುಂಬೈಗೆ ಹೇಳಿ ಕಳಿಸಿದ. ರಾಚಪ್ಪ ತೊಳೆಯುತ್ತಿದ್ದ ವಿಮಾನದ ಪಾರ್ಸಿ ಸಾಹೇಬ, ಅವನ ಮೇಲಿನ ಪ್ರೀತಿಗೆ, ಬೆಳಗಾವಿಗೆ ಹೋಗುವ ದಾರಿಯಲ್ಲಿ ಇವರ ಕೊಯ್ಲಾದ ಜೋಳದ ಹೊಲಕ್ಕೇ ಬಂದಿಳಿದ! ಸಾಹೇಬ ಬರಲಿಕ್ಕಿಲ್ಲ ಎಂಬ ಧೈರ್ಯದ ಮೇಲೆಯೇ ತಾನು ಹೇಳಿ ಕಳಿಸಿದ್ದೆಂದು ದುಂಡಪ್ಪನಿಗೆ ಆಗ ಹೊಳೆಯಿತು.

ವಿಚಿತ್ರವೆಂದರೆ ಈ ಹೊತ್ತು ತಾಯವ್ವನ ತಕರಾರಿಲ್ಲ. ವಿಮಾನಕ್ಕೆ ಕಾಯಿ ಒಡೆದಳು, ಅದರ ಮೂತಿಗೆ ವಿಭೂತಿ ಹಚ್ಚಿದಳು. ಸಾಹೇಬನಿಗೆ ಕೈ ಮುಗಿದು ಮರಾಠಿಯಲ್ಲಿ ಏನೋ ಅಂದಳು. ಸಾಹೇಬ ತಾಯಿಯನ್ನೊಮ್ಮೆ, ಮಗನನ್ನೊಮ್ಮೆ ನೋಡಿ ತಲೆಯಾಡಿಸಿದ. ಸಾವಕಾಶ ಹೊಡೆಯಲು ಹೇಳಿರಬೇಕು ಎಂದುಕೊಂಡ ದುಂಡಪ್ಪ.

"ಕಣ್ಣ ಗಟ್ಟಿ ಮುಚ್ಚು. ಬಗ್ಗಿ ನೋಡಬ್ಯಾಡ," ಎಂದಳು ತಾಯವ್ವ.

"ನಾ ಏನ ಅಂಜಾಂವ ಅಲ್ಲ, ಯವ್ವಾ," ಎಂದ ದುಂಡಪ್ಪ. ಕಣ್ಣು ಆಗಲೇ ಮುಚ್ಚಿಯಾಗಿತ್ತು.

ವಿಮಾನ ಗುಡುಗಿತು, ನಡುಗಿತು, ಓಡಿತು. ದುಂಡಪ್ಪ ತಂಬಿಗೆಯನ್ನು ಎದೆಗೆ ಅವಚಿಕೊಂಡ. ಆಮೇಲೆ ಕುಲುಕಾಟವೋ ಕುಲುಕಾಟ. ಆಕಾಶವೆಂದರೆ ನುಣ್ಣಗಿರುತ್ತದೆ ಎಂದುಕೊಂಡಿದ್ದ. ನೋಡಿದರೆ ಯಮಕನಮರಡಿ ರಸ್ತೆಗಿಂತ ಹೆಚ್ಚು ತಗ್ಗು! ಎಲ್ಲೋ ಮಂದಿ ಹೋ ಎನ್ನುವುದು ಕಿವಿಗೆ ಬಿತ್ತು. ಅಬ್ಬಾ, ನಮ್ಮೂರಿನವರ ಗಂಟಲೇ ಗಂಟಲು, ಎಂದು ಬೆರಗಾದ. ವಿಮಾನ ಸುತ್ತು ಹೊಡೆಯಿತು, ಮತ್ತೆ ಓಡಿತು. ಹಿಂದೆ ಕೂತು ವಿಮಾನ ಹೊಡೆಯುತ್ತಿದ್ದ ಸಾಹೇಬ ಅವನ ಹೆಗಲು ತಟ್ಟಿ, ಈಗ ಹಾಕು ಎಂದು ಕೂಗಿದ.

ದುಂಡಪ್ಪ ತಂಬಿಗೆಯ ಬಟ್ಟೆ ಬಿಚ್ಚಿ ಹೊರಗೆ ಬಗ್ಗಿಸಿದ. ಮುಕ್ಕಾಲು ಅಣ್ಣ ಗಾಳಿಗೆ ಹೋದ, ಕಾಲು ಅಣ್ಣ ತಮ್ಮನ ಮುಖಕ್ಕೇ ಬಂದ. "ಹೋಗಿ ಬಾ ಅಣ್ಣಾ, ಹೋಗಿ ಬಾ," ಎಂದು ದುಂಡಪ್ಪ ಬಿಕ್ಕಿ ಬಿಕ್ಕಿ ಅತ್ತ. ಅಷ್ಟು ಹೊತ್ತು ಅಂಜಿಕೆ ಎಲ್ಲಿ ಹೋಗಿತ್ತೋ ಏನೋ. ಅಣ್ಣನ ಮಾತು ನಡೆಸಿಕೊಟ್ಟೆ ಎಂದು ಎದೆ ಹಗುರಾಯಿತು.

ಇಳಿದಾಗ ಕಾಲು ನಿಲ್ಲಲೊಲ್ಲವು. ನಾಲಿಗೆಯೂ ನಿಲ್ಲಲಿಲ್ಲ.

"ಏನೇನ ಕಾಣ್ತಪಾ ಮ್ಯಾಲಿಂದ?" ವೀರಪ್ಪ ಕೇಳಿದ. ಮುಖದಲ್ಲಿ ನಗು ಇಲ್ಲ, ಏನಿಲ್ಲ.

ಕಣ್ಣು ಮುಚ್ಚಿದ್ದೆ ಎಂದು ಹೇಳುವುದುಂಟೆ? "ಏನ ಕಾಣಲಿಲ್ಲ ಅಂತ ಕೇಳು! ಘಟಪ್ರಭಾ ಹೊಳಿ ಅನ್ನೂದು ಒಂದ ಎಳಿ ನೂಲಿನಂಗ. ಗೋಕಾವಿ ಫಾಲ್ಸ್ ಅಂದ್ರ ಗಿಂಡ್ಯಾನ ಹಾಲು ಚೆಲ್ಲಿದಂಗ."

"ಮೇಲವಂಕಿ?"

"ಅಂಗೈಯಷ್ಟು."

"ಕೊಣ್ಣೂರಾಗ ನಮ್ಮ ಬೀಗರ ಮನಿ ಏನರೆ..."

"ಕಂಡಿತು. ನಿಮ್ಮ ಬೀಗತಿ ಮಾಳಿಗಿ ಮ್ಯಾಲೆ ಹಪ್ಪಳಾ ಒಣಗಸಾಕತ್ತಿದ್ಳು."

ಮಂದಿ ಗಂಭೀರವಾಗಿ ತಲೆದೂಗಿದರು. ಇಷ್ಟು ಮರ್ಯಾದೆ ದುಂಡಪ್ಪನಿಗೆ ತನ್ನ ಮದುವೆಯಲ್ಲೂ ಸಿಕ್ಕಿರಲಿಲ್ಲ. ಅದೇ ಹುರುಪಿನಲ್ಲಿ, ಕೈ ಚಾಚಿ ಮೋಡ ಮುಟ್ಟಿದೆ, ತಣ್ಣಗಿತ್ತು ಎಂದೂ ಸೇರಿಸಿದ. ಅಷ್ಟೇ. ವೀರಪ್ಪ ಹೆಗಲ ವಲ್ಲಿಯನ್ನು ಬಾಯಿಗೆ ಒತ್ತಿಕೊಂಡು ಕುಕ್ಕರುಗಾಲಲ್ಲಿ ಕೂತುಬಿಟ್ಟ. ಹೊಲಕ್ಕೆ ಹೊಲವೇ ನಕ್ಕಿತು.

"ನನ್ನ ಮಗಗ ನಗಬ್ಯಾಡ್ರೋ!" ಎಂದು ತಾಯವ್ವ ಗದರಿದಳು. ಸೆರಗಿನಿಂದ ದುಂಡಪ್ಪನ ಮುಖದ ಬೂದಿ ಒರೆಸಿದಳು. ಸೆರಗನ್ನು ಅಲ್ಲೇ ಹೊಲದ ಮೇಲೆ ಕೊಡವಿದಳು. ಅವಳ ಕಣ್ಣು ತುಂಬಿದ್ದವು. "ನಿಮ್ಮಣ್ಣ ಇಮಾನದಾಗ ಕುಂತಂಗಾತು. ನೀ ಹೇಳಿದ್ದ ನೀ ಮಾಡಿದಿ. ನಾನೂ ಒಂದ ಮಾಡೇನಿ, ಸಿಟ್ಟ ಆಗಬ್ಯಾಡ."

"ಏನ ಮಾಡಿದಿ ಯವ್ವಾ?"

"ಇಮಾನ ನೆಲಾ ಬಿಟ್ಟೇ ಇಲ್ಲೋ ನನ್ನಪ್ಪಾ, ಆ ಬದುವಿನಿಂದ ಈ ಬದುವಿಗೆ ಬರೇ ಓಡಸ್ರಿ ಅಂತ ನಾನ ಸಾಹೇಬಗ ಕೈ ಮುಗದಿದ್ನಿ, ಒಬ್ಬ ಮಗ ಮಣ್ಣಿಗೆ ಬರಲಿ, ಇನ್ನೊಬ್ಬ ಮನಿಗೆ ಬರಲಿ ಅಂತ."