ಮೇಜರ್ ಸಾಹೇಬರಿಗೆ ಬಾರದ ಕಾಗದ

ಮೇಜರ್ ಎಗ್‌ಬರ್ಟ್ ಫೊನ್ ಟ್ರೆಬ್ನೊ ಬೆಳಿಗ್ಗೆ ಎಂಟಕ್ಕೇ ಮುಂಬಾಗಿಲಲ್ಲಿ ಕಾವಲು ನಿಂತಿದ್ದರು. ಶತ್ರುವಿಗಲ್ಲ, ಅಂಚೆಯವನಿಗೆ.

ಆಗಿದ್ದ ಎಡವಟ್ಟು ಸಣ್ಣದೇನಲ್ಲ. ಶರತ್ಕಾಲದ ಸಮರಾಭ್ಯಾಸದಲ್ಲಿ ಇಡೀ ಪಡೆಯನ್ನು ಹಾಡಹಗಲೇ ಜೌಗು ನೆಲಕ್ಕೆ ಇಳಿಸಿದ್ದರು. ಸೊಂಟದವರೆಗೆ ಕೆಸರಲ್ಲಿ ಹೂತು ನಿಂತ ಸೈನಿಕರನ್ನು ನೋಡಿ ಜನರಲ್ ಬೈಯಲೂ ಇಲ್ಲ. "ಟ್ರೆಬ್ನೊ, ನಿಮಗೆ ಮಿಲಿಟರಿ ಟೋಪಿಗಿಂತ ಊರ ಜನ ಹಾಕೋ ಉದ್ದ ಟೋಪಿ ಚೆನ್ನಾಗಿ ಒಪ್ಪುತ್ತೆ ಕಣ್ರೀ" ಎಂದಷ್ಟೇ ಹೇಳಿ ಕುದುರೆ ತಿರುಗಿಸಿದರು.

ಇನ್ನು ನೀಲಿ ಲಕೋಟೆ ಬರುವುದೊಂದೇ ಬಾಕಿ. ಪ್ರಷ್ಯದ ಸೈನ್ಯ ಬಲು ಮರ್ಯಾದಸ್ಥರದು, ಯಾರನ್ನೂ ಕತ್ತು ಹಿಡಿದು ದಬ್ಬುವುದಿಲ್ಲ. ತಾವಾಗಿಯೇ ನಿವೃತ್ತಿ ಕೇಳಿದರೆ ಸಂತೋಷ ಎಂದು ನೀಲಿ ಲಕೋಟೆಯಲ್ಲಿ ಸೂಚಿಸುತ್ತದೆ, ಅಷ್ಟೇ. ಓದಿದವನು ಅವತ್ತೇ ಅರ್ಜಿ ಬರೆಯುತ್ತಾನೆ. ಬರೆಯದೆ ಕೂತವನನ್ನು ಯಾರೂ ಕಂಡಿರಲಿಲ್ಲ.

ಹನ್ನೆರಡನೇ ವಯಸ್ಸಿಗೇ ಸೈನಿಕ ಶಾಲೆ ಸೇರಿದ ಮೇಜರ್‌ಗೆ ಸಮವಸ್ತ್ರ ಬಿಟ್ಟರೆ ಬೇರೆ ಬದುಕೇ ಗೊತ್ತಿಲ್ಲ. ಅದಕ್ಕಿಂತ ದೊಡ್ಡ ಭಯ ಹೆಂಡತಿ ಮಾಲ್ವಿನೆಯದು. ದಾರದ ತುಂಡನ್ನೂ ಎಸೆಯದೆ ಎತ್ತಿಡುವ, ಜಾಮ್ ಕಾಯಿಸುವುದು ಬಿಟ್ಟು ಲೋಕ ಅರಿಯದ ಹೆಂಗಸು. ಆ ಲಕೋಟೆ ಅವಳ ಕೈಗೆ ಸಿಕ್ಕರೆ ಪಾಪ, ಎದೆ ಒಡೆದುಕೊಂಡಾಳು!

ಅಂಚೆಯ ಪೂಲ್ಮನ್ ಹಿತ್ತಲ ಕಡೆಯಿಂದ ಸುತ್ತಿ ಬಂದ. ಹಿಂದೊಮ್ಮೆ ಮೇಜರ್ ಪಡೆಯಲ್ಲೇ ಹವಾಲ್ದಾರನಾಗಿದ್ದವನು. ಮೀಸೆಗೆ ಚೆರ್ರಿ ಜಾಮ್ ಮೆತ್ತಿತ್ತು.

"ಏನಾದ್ರೂ ಇದೆಯೇನೋ?"

"ನಿಮ್ಮ ಕೈಗೆ ಕೊಡೋವಂಥದ್ದು ಏನೂ ಇಲ್ಲ, ಸಾಹೇಬ್ರೇ."

"ದಿನಾ ಅಡುಗೆಮನೇಲಿ ಏನಯ್ಯಾ ನಿಂದು?"

"ಅಮ್ಮಾವ್ರು ಕರೆದು ಬ್ರೆಡ್ಡು ಜಾಮ್ ಕೊಡ್ತಾರೆ. ಬೇಡ ಅನ್ನೋಕಾಗುತ್ತಾ?"

ಚಳಿಗಾಲ ಕಳೆಯಿತು. ಲಕೋಟೆ ಬರಲಿಲ್ಲ. ಒಂದು ದಿನ ಕರ್ನಲ್ ಮೇಜರ್ ಸಾಹೇಬರನ್ನು ಪಕ್ಕಕ್ಕೆ ಕರೆದು, ಗಂಟಲು ಸರಿಮಾಡಿಕೊಂಡು ಕೇಳಿದರು: "ಮೇಲಿನವರ ಮಾತಿಗೆ ನೀವೇನಂತೀರಿ, ಟ್ರೆಬ್ನೊ?"

ಜೌಗಿನ ವಿಷಯ ಇನ್ನೂ ಬಿಟ್ಟಿಲ್ಲವಲ್ಲ ಎಂದು ಮೇಜರ್‌ಗೆ ರೇಗಿತು. "ಏನೂ ಅನ್ನಲ್ಲ. ನನ್ನ ಕೆಲಸ ನಾನು ಮಾಡ್ಕೊಂಡು ಹೋಗ್ತೀನಿ."

ಕರ್ನಲ್ ಬೆವರೊರೆಸಿಕೊಂಡರು. ಅಂದಿನಿಂದ ಅಧಿಕಾರಿಗಳ ಊಟದ ಮನೆಯಲ್ಲಿ ಒಂದೇ ಗುಸುಗುಸು: ಎಂಟೆದೆಯ ಬಂಟ ಕಣ್ರಯ್ಯಾ, ಬೆನ್ನ ಹಿಂದೆ ಯಾರೋ ದೊಡ್ಡವರೇ ಇರಬೇಕು.

ಮರುವರ್ಷವೂ ಅದೇ ಕಾವಲು, ಅದರ ಮರುವರ್ಷವೂ. ಕೊನೆಗೆ ಪೂಲ್ಮನ್ ಮುಂಬಾಗಿಲಿಗೇ ಓಡೋಡಿ ಬಂದ. ಲಕೋಟೆ ಬಿಳಿಯದಾಗಿತ್ತು. ಬಡ್ತಿ!

"ಮಾಲ್ವಿನೆ! ನನ್ನ ಬೆಲೆ ಬರ್ಲಿನ್‌ನವರಿಗೆ ಕೊನೆಗೂ ಗೊತ್ತಾಯ್ತು ಕಣೇ!"

"ನಂಗೆ ಮೊದಲೇ ಗೊತ್ತಿತ್ತು ಕಣ್ರೀ" ಎಂದು ಅವಳು ಕಣ್ಣೊರೆಸಿಕೊಂಡು, ಹಬ್ಬದೂಟಕ್ಕೆ ಬಾತುಕೋಳಿ ತರಲು ಪೇಟೆಗೆ ಓಡಿದಳು.

ಅಷ್ಟರಲ್ಲಿ ಬಾಯಿ ಸಿಹಿ ಮಾಡಿಕೊಳ್ಳೋಣವೆಂದು ಸಾಹೇಬರು ಜೀವನದಲ್ಲೇ ಮೊದಲ ಸಲ ಉಗ್ರಾಣದ ಸ್ಟೂಲು ಹತ್ತಿದರು. ಎತ್ತರದ ಹಲಗೆಯ ಮೂಲೆಯಲ್ಲಿ ವರ್ಷಕ್ಕೊಂದರಂತೆ ಮೂರು ಜಾಮಿನ ಜಾಡಿ. ಬಾಯಿಗೆ ಕಾಗದ ಹೊದಿಸಿ, ಗಂಟು ಹಾಕಿದ ದಾರದ ತುಂಡುಗಳಿಂದ ಬಿಗಿಯಾಗಿ ಕಟ್ಟಿತ್ತು.

ಹೊದಿಸಿದ್ದ ಕಾಗದ ಮೂರೂ ನೀಲಿ ಲಕೋಟೆಗಳು. ಮೂರರ ಮೇಲೂ ಬರ್ಲಿನ್ನಿನ ಮುದ್ರೆ, ಮುದ್ರೆಯ ಕೆಳಗೆ ಅವರದೇ ಹೆಸರು.